ಬೀಳುವಾಗ ಬಿಡುವ ಬೂಟು

ನಾನು ಬಿದ್ದದ್ದು ಭಾರಿ ವೇಗದಲ್ಲೇನೂ ಅಲ್ಲ. ವಾಟರ್ ಸ್ಕೀಯಿಂಗ್‌ನಲ್ಲಿ ಹಗ್ಗದಿಂದ ನನ್ನನ್ನು ಎಳೆಯುತ್ತಿದ್ದ ಬೋಟು ಗಂಟೆಗೆ 45 ಕಿ.ಮೀ. ಆಸುಪಾಸಿನಲ್ಲಿತ್ತು. ಕಾಲಡಿ ಒಂಟಿ ಸ್ಕೀ, ಅಂದರೆ ನೀರಿನ ಮೇಲೆ ಜಾರುವ ಉದ್ದನೆಯ ಹಲಗೆ, ಅದರ ಮೇಲೆ ಹಿಂದೊಂದು ಮುಂದೊಂದು ರಬ್ಬರ್ ಬೂಟು. ತಿರುವಿನಲ್ಲಿ ಸ್ಕೀಯ ಮೂತಿ ನೀರಿಗೆ ಚುಚ್ಚಿಕೊಂಡಿತು, ನಾನು ಮುಂದಕ್ಕೆ ಮುಗ್ಗರಿಸಿದೆ. ಹಿಂದಿದ್ದ ಬಲಗಾಲು ಸಲೀಸಾಗಿ ಕಳಚಿತು. ಮುಂದಿದ್ದ ಎಡಗಾಲು ಬಿಡಲೇ ಇಲ್ಲ. ಸುಮಾರು 1.7 ಮೀಟರ್ ಉದ್ದದ ಹಲಗೆ ಒಂದೇ ಪಾದಕ್ಕೆ ಕಚ್ಚಿಕೊಂಡು ನೀರಿನಲ್ಲಿ ಉರುಳಿದರೆ, ಅದೇ ಸನ್ನೆಕೋಲಾಗಿ ಕಾಲನ್ನು ತಿರುಚುತ್ತದೆ. ಕೀಲು ಉಳುಕಿ ಆರು ವಾರ ಮನೆಯಲ್ಲಿ ಕೂತೆ. ಮೂಳೆ ಮುರಿಯಲಿಲ್ಲ, ಹಿಮ್ಮಡಿಯ ಹಿಂದಿನ ಅಕಿಲಿಸ್ ಸ್ನಾಯುರಜ್ಜು ಹರಿಯಲಿಲ್ಲ. ಇಂಥ ಬೀಳುವಿಕೆಯಲ್ಲಿ ಅವೆರಡೂ ಆಗಬಹುದು.

ತಪ್ಪು ಎಲ್ಲಿತ್ತು ಎಂಬುದು ಆಮೇಲೆ ಹೊಳೆಯಿತು. ಮುಂದಿನ ಬೂಟನ್ನು ಬಿಗಿಯಾದಷ್ಟೂ ಹಿಡಿತ ಹೆಚ್ಚು ಎಂದುಕೊಂಡು ನಾನೇ ಒಂದು ಸೈಜು ಚಿಕ್ಕದು ಕೊಂಡಿದ್ದೆ. ಸೋಪುನೀರು ಹಚ್ಚಿ ಒದ್ದಾಡಿದರೆ ಮಾತ್ರ ಕಾಲು ಒಳಗೆ ಹೋಗುತ್ತಿತ್ತು. ಹಿಂದಿನದು ಹಳೆಯದು, ರಬ್ಬರ್ ಜಗ್ಗಿ ಸಡಿಲವಾಗಿತ್ತು. ಎರಡೂ ಕಾಲು ಒಟ್ಟಿಗೆ ಬಿಡಬೇಕು, ಇಲ್ಲವೇ ಎರಡೂ ಉಳಿಯಬೇಕು. ಒಂದು ಬಿಟ್ಟು ಇನ್ನೊಂದು ಸಿಕ್ಕಿಕೊಳ್ಳುವುದೇ ಅಪಾಯ. ನಾನು ಕೈಯಾರೆ ಕಟ್ಟಿಕೊಂಡಿದ್ದು ಅದನ್ನೇ.

ನಾನಿರುವುದು ಅಮೆರಿಕದ ಮಿನಿಸೋಟದಲ್ಲಿ. 1922ರಲ್ಲಿ ರಾಲ್ಫ್ ಸ್ಯಾಮ್ಯುಯೆಲ್ಸನ್ ಇಲ್ಲಿನ ಪೆಪಿನ್ ಸರೋವರದ ಮೇಲೆ ಮೊದಲ ಬಾರಿಗೆ ಸ್ಕೀ ಮಾಡಿದಾಗ ಕಾಲು ತೂರಿಸಲು ಅವನಿಗಿದ್ದದ್ದು ಚರ್ಮದ ಪಟ್ಟಿ. ಈಗ ಅಂಗಡಿಗೆ ಹೋದರೆ ತಲೆ ತಿರುಗುವಷ್ಟು ಬಗೆ. ಗಂಟೆಗೆ 58 ಕಿ.ಮೀ.ಯಲ್ಲಿ ನೀರಿನಲ್ಲಿ ತೇಲಬಿಟ್ಟ ಆರು ಗುರುತು-ಚೆಂಡುಗಳನ್ನು ಸುತ್ತುವ ಸ್ಪರ್ಧಿಗಳಲ್ಲಿ ಹಲವರು ಗಟ್ಟಿ ಚಿಪ್ಪಿನ ಬೂಟು ಹಾಕುತ್ತಾರೆ. ಕೆಲವದರಲ್ಲಿ ಎರಡೂ ಬೂಟು ಒಂದೇ ತಟ್ಟೆಯ ಮೇಲಿದ್ದು, ಜೋರಾಗಿ ಬಿದ್ದರೆ ತಟ್ಟೆಯೇ ಸ್ಕೀಯಿಂದ ಕಿತ್ತು ಬರುತ್ತದೆ. ಉಪಾಯ ನನಗೆ ತುಂಬ ಹಿಡಿಸಿತು. ಆದರೆ ಅದು ಎಷ್ಟು ಬಲಕ್ಕೆ ಬಿಡಬೇಕೆಂದು ಹೊಂದಿಸಿಕೊಳ್ಳಬೇಕು, ಮರಳು ಕೂತಿಲ್ಲವೇ ಎಂದು ಪ್ರತಿ ಸಲ ನೋಡಬೇಕು. ಶನಿವಾರ ಮಾತ್ರ ನೀರಿಗಿಳಿಯುವ ನನ್ನಂಥವರಿಗೆ ಆ ಶಿಸ್ತು ಕಷ್ಟ. ಶಿಸ್ತಿಲ್ಲದಿದ್ದರೆ ಆ ಬೂಟು ಬೇಡವೇ ಬೇಡ.

ಕೊನೆಗೆ ನಾನು ಆರಿಸಿದ್ದು ಮುಂದೆ ಮೆತ್ತನೆಯ ಬೂಟು, ಜಗ್ಗುವ ಲೇಸು. ಹಿಂದೆ ಬೆರಳುಗಳ ಮೇಲೆ ಬರುವ ಪಟ್ಟಿ ಮಾತ್ರ, ಹಿಮ್ಮಡಿ ಖಾಲಿ. ಹಿಂದೆ ಪಟ್ಟಿ ಹಾಕಿದರೆ ಸಾಕು, ಭಯವಿಲ್ಲ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಪಟ್ಟಿಯಿಂದ ಹಿಂಗಾಲು ಕ್ಷಣದಲ್ಲಿ ಹೊರಬರುತ್ತದೆ, ಹಾಗಾಗಿ ಮುಂಗಾಲು ಬಿಡುವುದು ಇನ್ನಷ್ಟು ಮುಖ್ಯ.

ಅದನ್ನು ಮನೆಯಲ್ಲೇ ಪರೀಕ್ಷಿಸಿದೆ. ಅಡಿಯಲ್ಲಿ ಚಾಚಿರುವ ರೆಕ್ಕೆಯಂಥ ಫಿನ್ ನೆಲಕ್ಕೆ ತಾಗದಂತೆ ಸ್ಕೀಯನ್ನು ಮಡಚಿದ ಕಂಬಳಿಗಳ ಮೇಲಿಟ್ಟೆ. ಒಣಗಾಲಿನ ಪರೀಕ್ಷೆ ಮೋಸ ಮಾಡುತ್ತದೆ, ಅದಕ್ಕೆ ಕಾಲನ್ನೂ ಬೂಟನ್ನೂ ಒದ್ದೆ ಮಾಡಿಕೊಂಡೆ. ಹೆಂಡತಿ ಸ್ಕೀಯ ಬಾಲ ಒತ್ತಿ ಹಿಡಿದಳು. ಗೋಡೆಗೆ ಕೈಯೂರಿ, ಮೊಣಕಾಲು ಮಡಚಿ, ಮೆಲ್ಲಗೆ ಮುಂದಕ್ಕೆ ಭಾರ ಹಾಕಿದೆ.

"ಹಿಮ್ಮಡಿ ಎದ್ದಿತಾ?"

"ಇಲ್ಲ ಕಣ್ರೀ, ಇನ್ನೂ ಬಿಗಿ."

ಮೇಲಿನ ಲೇಸು ಸಡಿಲಿಸಿದೆ. ಮತ್ತೆ, ಮತ್ತೆ. ನೆಟ್ಟಗೆ ನಿಂತಾಗ ಹಿಮ್ಮಡಿ ಅಲುಗಬಾರದು, ಜೋರಾಗಿ ಮುಂದೆ ವಾಲಿದಾಗ ಜಾರಿ ಮೇಲೇಳಬೇಕು. ಐದನೇ ಸಲಕ್ಕೆ ಸರಿಹೋಯಿತು. ಲೇಸು ಅಲ್ಲಿಗೇ ನಿಲ್ಲಬೇಕೆಂದು ಮಾರ್ಕರಿನಿಂದ ಗುರುತು ಹಾಕಿಟ್ಟೆ.

ಕಳೆದ ಜುಲೈಯಲ್ಲಿ ಅದೇ ರೀತಿ ಮತ್ತೆ ಮುಗ್ಗರಿಸಿದೆ. ನೀರಿನಿಂದ ತಲೆಯೆತ್ತಿ ನೋಡಿದರೆ ಎರಡೂ ಕಾಲು ಬರಿದು, ಸ್ಕೀ ನಾಲ್ಕು ಮಾರು ಆಚೆ ತೇಲುತ್ತಿತ್ತು. ಬೋಟು ಸುತ್ತಿ ಬರುವಷ್ಟರಲ್ಲಿ ಈಜಿ ಹೋಗಿ ಹಿಡಿದುಕೊಂಡೆ.