ವ್ಯಾಂಕೂವರ್ ಸೆಟ್ಟಿನಲ್ಲಿ ನಿರ್ದೇಶಕ ಅಂದರೆ ಅತಿಥಿ

ಬೆಂಗಳೂರಿನಲ್ಲಿ ನಾನು ಧಾರಾವಾಹಿಗಳಿಗೆ ಸಂಚಿಕೆ ನಿರ್ದೇಶಕನಾಗಿದ್ದೆ. ಸೀನ್ ಪೇಪರ್ ಎಷ್ಟೋ ಸಲ ಬೆಳಿಗ್ಗೆ ಸೆಟ್ಟಿಗೇ ಬರುತ್ತಿತ್ತು. ಕ್ಯಾಮೆರಾ ಪಕ್ಕದಿಂದ ಮಾತು ಪ್ರಾಂಪ್ಟ್ ಮಾಡುತ್ತಾ ಓಡಿಸುತ್ತಿದ್ದೆವು. ಈ ವೇಗ ಇದ್ದರೆ ಎಲ್ಲಾದರೂ ಬದುಕಬಹುದು ಅಂದುಕೊಂಡು ವ್ಯಾಂಕೂವರ್‌ಗೆ ಬಂದೆ. ಅಮೆರಿಕದ ಎಷ್ಟೋ ಟೀವಿ ಸರಣಿಗಳ ಶೂಟಿಂಗ್ ನಡೆಯುವುದು ಕೆನಡಾದ ಈ ಊರಿನಲ್ಲೇ. ಲಾಸ್ ಏಂಜಲೀಸ್‌ಗೂ ಇಲ್ಲಿಗೂ ಗಡಿಯಾರದಲ್ಲಿ ದೊಡ್ಡ ವ್ಯತ್ಯಾಸವಿಲ್ಲ, ಜೊತೆಗೆ ತೆರಿಗೆ ರಿಯಾಯಿತಿ ಬೇರೆ.

ಹಳೆಯ ಕೆಲಸ ತೋರಿಸಿದ ಮಾತ್ರಕ್ಕೆ ಇಲ್ಲಿ ಯಾರೂ ನಿರ್ದೇಶಕನ ಕುರ್ಚಿ ಕೊಡುವುದಿಲ್ಲ. ಮೊದಲು ವಾಕಿಟಾಕಿ ಹಿಡಿದು ಮಳೆಯಲ್ಲಿ ನಿಂತು, ಫುಟ್‌ಪಾತ್ ಮೇಲೆ ಬರುವವರನ್ನು ತಡೆಯುವ ಕೆಲಸ. ಆಮೇಲೆ ಶ್ಯಾಡೋಯಿಂಗ್: ಒಬ್ಬ ನಿರ್ದೇಶಕರ ಹಿಂದೆ ಸಂಬಳವಿಲ್ಲದೆ ಇಡೀ ಸಂಚಿಕೆ ಸುತ್ತುವುದು. ಮನೆ ಬಾಡಿಗೆ ಕಟ್ಟುವವನಿಗೆ ಇದು ಅನ್ಯಾಯ ಅಂತಲೇ ನನಗೆ ಈಗಲೂ ಅನಿಸುತ್ತದೆ.

ಇಲ್ಲಿ ಸರಣಿಯ ಯಜಮಾನ ಶೋರನ್ನರ್, ಅಂದರೆ ಮುಖ್ಯ ಬರಹಗಾರ. ನಿರ್ದೇಶಕ ಸಂಚಿಕೆಗೊಬ್ಬ ಬಂದು ಹೋಗುತ್ತಾನೆ. ಶೂಟಿಂಗ್‌ಗೆ ಮುಂಚೆ ಟೋನ್ ಮೀಟಿಂಗ್ ಇರುತ್ತದೆ, ಸ್ಕ್ರಿಪ್ಟನ್ನು ಸೀನ್ ಸೀನಾಗಿ ಕೂತು ಮಾತಾಡುವುದು. ಕೊನೆಗೂ ನನಗೆ ಸಿಕ್ಕ ಮೊದಲ ಸಂಚಿಕೆಯ ಮೀಟಿಂಗ್‌ನಲ್ಲಿ, ತಾಯಿ ಮಗನಿಗೆ ಊಟ ಬಡಿಸುವ ಒಂದು ಸೀನ್ ಬಂದಾಗ ಶೋರನ್ನರ್ ಹೇಳಿದ್ದು ಇಷ್ಟೇ: "ಇಲ್ಲಿ ಅವಳು ಅಳಬಾರದು. ಅಳುವನ್ನು 9ನೇ ಸಂಚಿಕೆಗೆ ಇಟ್ಟಿದ್ದೇವೆ." ಆ 9ನೇ ಸಂಚಿಕೆ ಮಾಡುವವರು ಬೇರೆ ಯಾರೋ! ಹಾಗಾಗಿ ನಟಿಯ ಕೈಗೆ ಕೆಲಸ ಕೊಟ್ಟೆ. ತಟ್ಟೆ ಇಟ್ಟಳು, ಚಮಚ ನೇರ ಮಾಡಿದಳು, ಮತ್ತೆ ನೇರ ಮಾಡಿದಳು. ಅಷ್ಟರಿಂದಲೇ ಸೀನ್ ಗೆದ್ದಿತು.

ದಿನಕ್ಕೆ ಎಷ್ಟು ಶೂಟ್ ಮಾಡಬಹುದು ಅಂತ ತಿಳಿಯಲು ಸ್ಕ್ರಿಪ್ಟಿನ ಒಂದು ಪುಟವನ್ನು ಇಲ್ಲಿ ಎಂಟು ಭಾಗ ಮಾಡಿ ಲೆಕ್ಕ ಹಾಕುತ್ತಾರೆ. ಆ ಲೆಕ್ಕವನ್ನು ಪೂರ್ತಿ ನಂಬುವ ಹಾಗಿಲ್ಲ. "ಕಾರು ಮನೆ ಮುಂದೆ ನಿಲ್ಲುತ್ತದೆ" ಅನ್ನುವುದು 1/8 ಪುಟ. ಆದರೆ ರಸ್ತೆ ತಡೆಯಬೇಕು, ಕಾರಿನ ಮೇಲಿನ ನೀರು ಒರೆಸಬೇಕು, ಲೈಟು ಎತ್ತಿ ನಿಲ್ಲಿಸಬೇಕು. ಮೇಜಿಗೆ ಕೂತು ಮಾತಾಡುವ ಮೂರು ಪುಟ ಅದಕ್ಕಿಂತ ಬೇಗ ಮುಗಿಯುತ್ತದೆ. ಡಿಸೆಂಬರ್‌ನಲ್ಲಂತೂ ಬಹಳ ಬೇಗ ಸೂರ್ಯ ಮುಳುಗುತ್ತಾನೆ, ಹಗಲಿನ ಸೀನು ಅಷ್ಟರೊಳಗೆ ಆಗಬೇಕು. ತುಂತುರು ಮಳೆಗೆ ಯಾರೂ ಶೂಟಿಂಗ್ ನಿಲ್ಲಿಸುವುದಿಲ್ಲ. ಹಿಂದಿನಿಂದ ಬೆಳಕು ಬೀಳದಿದ್ದರೆ ಅಂಥ ಮಳೆ ಕ್ಯಾಮೆರಾಗೆ ಕಾಣುವುದೇ ಇಲ್ಲ, ಅಲ್ವಾ! ಇದನ್ನು ಕಲಿತ ಮೇಲೆ ಲೈಟನ್ನು ನಟರ ಬೆನ್ನಿಗೆ ಇಡದೆ ಪಕ್ಕಕ್ಕೆ ಇಡಿಸುತ್ತೇನೆ.

ಎಡಿಟಿಂಗ್‌ನಲ್ಲೂ ಕೊನೆಯ ಮಾತು ನಮ್ಮದಲ್ಲ. ಅಮೆರಿಕದ ಡೈರೆಕ್ಟರ್ಸ್ ಗಿಲ್ಡ್ ನಿಯಮದಲ್ಲಿ ಒಂದು ಗಂಟೆಯ ಸಂಚಿಕೆಗೆ ನಿರ್ದೇಶಕನ ಕಟ್‌ಗೆ, ಅಂದರೆ ನಿರ್ದೇಶಕ ತನ್ನ ಮನಸ್ಸಿನಂತೆ ಎಡಿಟ್ ಮಾಡಿಸುವುದಕ್ಕೆ, 4 ದಿನ. ಆಮೇಲೆ ಅದು ಶೋರನ್ನರ್ ಕೈಗೆ ಹೋಗುತ್ತದೆ. ನನಗೆ ಇಷ್ಟವಾದ ಒಂದು ಉದ್ದನೆಯ ಶಾಟನ್ನು ಮಧ್ಯಕ್ಕೆ ಕತ್ತರಿಸಿದ್ದನ್ನು ಟೀವಿಯಲ್ಲೇ ನೋಡಿದೆ. ಚಮಚದ ಶಾಟ್ ಮಾತ್ರ ಪೂರ್ತಿ ಇತ್ತು.

ಎರಡನೇ ಸಂಚಿಕೆ ಕೊಡುವ ಮುಂಚೆ ನನ್ನ ಶಾಟ್‌ಗಳ ಬಗ್ಗೆ ಯಾರೂ ಹೆಚ್ಚು ಮಾತಾಡಲಿಲ್ಲ. ಫಸ್ಟ್ ಎಡಿ, ಅಂದರೆ ಸೆಟ್ಟಿನ ವೇಳಾಪಟ್ಟಿ ನೋಡಿಕೊಳ್ಳುವ ಮುಖ್ಯ ಸಹಾಯಕ ನಿರ್ದೇಶಕರ ಹತ್ತಿರ ಒಂದೇ ಪ್ರಶ್ನೆ ಕೇಳಿದರಂತೆ: ದಿನಾ ಸಮಯಕ್ಕೆ ಪ್ಯಾಕಪ್ ಆಗುತ್ತಿತ್ತಾ? ಆಗುತ್ತಿತ್ತು. ಧಾರಾವಾಹಿಯ ವೇಗ ಉಪಯೋಗಕ್ಕೆ ಬಂದದ್ದು ಅಲ್ಲಿ.