ಬೆಲ್ಲ-ಹುಣಸೆ ಪಾಕದ ಸಾಲ್ಮನ್: ಮನೆಯ ಓಟಿಜಿಯಲ್ಲಿ ಒಂದು ರಾತ್ರಿಯೂಟ

ಈ ಅಡುಗೆ ಕೆಡುವುದು ಹೆಚ್ಚಾಗಿ ಒಂದೇ ಕಾರಣಕ್ಕೆ. ಮೀನಿಗೆ ಪಾಕವನ್ನು ಮೊದಲೇ ಬಳಿದು ಓಟಿಜಿಗೆ (ಮೇಲೆ ಕೆಳಗೆ ಕಾಯುವ ರಾಡುಗಳಿರುವ ಸಣ್ಣ ಕರೆಂಟ್ ಓವನ್) ಇಟ್ಟುಬಿಡುತ್ತಾರೆ. 2.5 ಸೆಂಟಿಮೀಟರ್ ದಪ್ಪದ ಸಾಲ್ಮನ್ ತುಂಡು 200 ಡಿಗ್ರಿಯಲ್ಲಿ ಬೇಯಲು 11-12 ನಿಮಿಷ ಬೇಕು. ಬೆಲ್ಲ ಅಷ್ಟು ಹೊತ್ತು ಕಾಯುವುದಿಲ್ಲ. ಮೇಲಿನ ರಾಡಿನ ಹತ್ತಿರ ಐದಾರು ನಿಮಿಷಕ್ಕೇ ಕಪ್ಪಾಗಿ ಕಹಿಯಾಗುತ್ತದೆ. ಸಕ್ಕರೆಗಿಂತ ಬೆಲ್ಲ ಬೇಗ ಸೀಯುತ್ತದೆ, ಏಕೆಂದರೆ ಅದರಲ್ಲಿ ಗ್ಲೂಕೋಸು, ಫ್ರಕ್ಟೋಸುಗಳೂ ಇರುತ್ತವೆ. ಮೇಲೆ ಸೀದಿದ್ದನ್ನು ನೋಡಿ ಬೆಂದಿದೆ ಎಂದು ತೆಗೆದರೆ ಒಳಗೆ ಹಸಿ, ಒಳಗೆ ಬೇಯಲೆಂದು ಬಿಟ್ಟರೆ ಮೇಲೆಲ್ಲ ಇದ್ದಿಲು. ಆದ್ದರಿಂದ ಮೀನು ಮುಕ್ಕಾಲು ಬೇಯುವ ತನಕ ಪಾಕದ ಬಟ್ಟಲು ಪಕ್ಕದಲ್ಲೇ ಇರಲಿ.

ಮೀನು ತರುವಾಗ

ಕೇಸರಿ ಬಣ್ಣದ ನಿಜವಾದ ಸಾಲ್ಮನ್ ತಣ್ಣನೆಯ ಸಮುದ್ರದ ಮೀನು. ನಮಗೆ ಸಿಗುವುದು ಹೆಚ್ಚಾಗಿ ನಾರ್ವೆಯ ಕಡೆ ಸಮುದ್ರದ ಬಲೆಗೂಡುಗಳಲ್ಲಿ ಸಾಕಿದ್ದು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಸಂತೆ-ಮಾರುಕಟ್ಟೆಗಳಲ್ಲಿ ಇದನ್ನು ಹುಡುಕಿ ಪ್ರಯೋಜನವಿಲ್ಲ, ಬೆಂಗಳೂರಿನಿಂದ ಫ್ರೋಜನ್ ತುಂಡುಗಳನ್ನೇ ತರಬೇಕು. ಇಲ್ಲೊಂದು ಮೋಸ ಹೋಗುವ ಜಾಗವಿದೆ. 'ಇಂಡಿಯನ್ ಸಾಲ್ಮನ್' ಎಂದು ಮಾರುವುದು ರಾವಸ್ ಮೀನು. ರುಚಿಯಾದ ಮೀನೇ, ಆದರೆ ಬೇರೆ ಜಾತಿ. ಮಾಂಸ ಬಿಳಿ, ಕೊಬ್ಬು ಕಡಿಮೆ. ಅದನ್ನೇ ತಂದಿದ್ದರೆ ಬೇಯಿಸುವ ಮೊದಲು 1 ಚಮಚ ಎಣ್ಣೆ ಸವರಿ, ಇಲ್ಲದಿದ್ದರೆ ನಾರುನಾರಾಗುತ್ತದೆ.

ನಾಲ್ಕು ಜನಕ್ಕೆ 150 ಗ್ರಾಂನ 4 ತುಂಡು ಸಾಕು. ಮಧ್ಯಭಾಗದ, ಒಂದೇ ದಪ್ಪದ ತುಂಡುಗಳನ್ನೇ ಕೇಳಿ. ಬಾಲದ ತುಂಡು ಒಂದು ಕಡೆ ತೆಳ್ಳಗಿರುವುದರಿಂದ ಆ ಕಡೆ ಒಣಗಿ ಹೋಗುತ್ತದೆ. ಬೇರೆ ದಾರಿಯಿಲ್ಲದಿದ್ದರೆ ತೆಳು ತುದಿಯನ್ನು ಅಡಿಗೆ ಮಡಚಿಡಿ. ಊರು ಸೇರಲು ಒಂದೂವರೆ, ಎರಡು ಗಂಟೆ ಬೇಕಾದ್ದರಿಂದ ಥರ್ಮೋಕೋಲ್ ಡಬ್ಬದಲ್ಲಿ ಐಸ್ ಹಾಕಿಸಿಕೊಂಡು ಬನ್ನಿ. ಬಸ್ಸಿನಲ್ಲಾದರೆ ಇಂಜಿನ್ ಪಕ್ಕದ ಸೀಟು ಬೇಡ. ದಾರಿಯಲ್ಲಿ ಕರಗಿದ್ದನ್ನು ಮನೆಯಲ್ಲಿ ಮತ್ತೆ ಫ್ರೀಜರಿಗೆ ಹಾಕಬೇಡಿ, ಅಂದೇ ಬೇಯಿಸಿ.

ಫ್ರೋಜನ್ ತುಂಡುಗಳನ್ನು ಹಿಂದಿನ ರಾತ್ರಿಯೇ ಫ್ರಿಜ್ಜಿನ ಕೆಳಗಿನ ತಟ್ಟಿಗೆ ಇಳಿಸಿ. ಗಾಳಿ ತೆಗೆದು ಸೀಲ್ ಮಾಡಿದ ಪ್ಯಾಕೆಟ್ ಆದರೆ ಮೊದಲು ಅದನ್ನು ಕತ್ತರಿಸಿ ತೆರೆಯಿರಿ. ಗಾಳಿಯಿಲ್ಲದ ಜಾಗದಲ್ಲಿ, ಫ್ರಿಜ್ಜಿನ ತಂಪಿನಲ್ಲೂ, ವಿಷ ಉಂಟುಮಾಡುವ ಒಂದು ಜಾತಿಯ ಬ್ಯಾಕ್ಟೀರಿಯಾ ಬೆಳೆಯಬಲ್ಲದು. ಮರೆತುಹೋಗಿ ಸಂಜೆ ನೆನಪಾದರೆ ತುಂಡುಗಳನ್ನು ಜಿಪ್ ಕವರಿನಲ್ಲಿ ಹಾಕಿ ತಣ್ಣೀರಿನ ಪಾತ್ರೆಯಲ್ಲಿ 40 ನಿಮಿಷ ಮುಳುಗಿಸಿಡಿ. ಬಿಸಿನೀರಂತೂ ಬೇಡ, ಹೊರಪದರ ಅರೆಬೆಂದು ನಡುವೆ ಮಂಜುಗಡ್ಡೆ ಉಳಿಯುತ್ತದೆ.

ಉಪ್ಪುನೀರು

ಮೀನು ಬೆಂದಾಗ ಮೇಲೆ ಮೊಟ್ಟೆಯ ಬಿಳಿಯಂಥ ಗಸಿ ಉಕ್ಕಿ ಬರುತ್ತದಲ್ಲ, ಅದು ಕೊಬ್ಬಲ್ಲ, ಮೀನಿನೊಳಗಿನ ಪ್ರೋಟೀನು. ಮಾಂಸ ಬಿಸಿಯಾಗಿ ಮುದುರಿಕೊಂಡಾಗ ಹೊರಗೆ ಹಿಂಡಿ ಬರುತ್ತದೆ. ತಿಂದರೆ ತೊಂದರೆಯೇನಿಲ್ಲ. ಆದರೆ ಅದರ ಮೇಲೆ ಪಾಕ ಹಿಡಿಯುವುದಿಲ್ಲ, ಜಾರಿ ತಟ್ಟೆಗೆ ಇಳಿದುಬಿಡುತ್ತದೆ. 1 ಲೀಟರ್ ತಣ್ಣೀರಿಗೆ 3 ದೊಡ್ಡ ಚಮಚ ಪುಡಿಯುಪ್ಪು (ಸುಮಾರು 55 ಗ್ರಾಂ) ಕರಗಿಸಿ ತುಂಡುಗಳನ್ನು 15 ನಿಮಿಷ ಮುಳುಗಿಸಿಟ್ಟರೆ ಈ ಗಸಿ ಬಹಳ ಕಡಿಮೆಯಾಗುತ್ತದೆ, ಒಳಗೂ ಹದವಾಗಿ ಉಪ್ಪು ಹಿಡಿಯುತ್ತದೆ. ಅರ್ಧ ಗಂಟೆ ಬಿಟ್ಟರೆ ಉಪ್ಪುಮೀನು ತಿಂದ ಹಾಗಾಗುತ್ತದೆ, ಆದ್ದರಿಂದ ಗಡಿಯಾರ ನೋಡಿಕೊಳ್ಳಿ.

ಹೊರತೆಗೆದ ಮೇಲೆ ಬೆರಳನ್ನು ತುಂಡಿನ ನಡುಗೆರೆಯ ಮೇಲೆ ತಲೆಯ ಕಡೆಯಿಂದ ಬಾಲದ ಕಡೆಗೂ, ಹಿಂದಕ್ಕೂ ಸವರಿ ನೋಡಿ. ಸೂಜಿಯಂಥ ಮುಳ್ಳು ತಗುಲಿದರೆ ಸಣ್ಣ ಚಿಮುಟದಲ್ಲಿ ಅದು ವಾಲಿರುವ ದಿಕ್ಕಿಗೇ ಎಳೆಯಿರಿ. ನೇರ ಮೇಲಕ್ಕೆ ಕಿತ್ತರೆ ಮಾಂಸ ಹರಿಯುತ್ತದೆ. ಬಳಿಕ ಟಿಶ್ಯೂ ಕಾಗದ ಇಲ್ಲವೇ ಒಗೆದ ಪಂಚೆಬಟ್ಟೆಯಿಂದ ಒತ್ತಿ ನೀರೆಲ್ಲ ಹೀರಿಸಿ. ಒದ್ದೆ ಮೀನು ಓಟಿಜಿಯೊಳಗೆ ಹಬೆಯಲ್ಲಿ ಬೇಯುತ್ತದೆ, ಸುಡುವುದಿಲ್ಲ. ಚರ್ಮ ತೆಗೆಯಬೇಡಿ. ಅಡಿಯ ಶಾಖವನ್ನು ತಡೆಯುವುದು ಅದೇ. ಈ ಕ್ರಮದಲ್ಲಿ ಅದು ಗರಿಗರಿಯಾಗುವುದಿಲ್ಲ, ತಿನ್ನುವಾಗ ಬದಿಗೆ ಸರಿಸಿದರಾಯಿತು.

ಪಾಕ

ಬೇಕಾದ್ದು: ಪುಡಿ ಮಾಡಿದ ಬೆಲ್ಲ 50 ಗ್ರಾಂ, ನಿಂಬೆಗಾತ್ರದ ಹುಣಸೆಹಣ್ಣು (20-25 ಗ್ರಾಂ), ಸೋಯಾ ಸಾಸ್ 1 ದೊಡ್ಡ ಚಮಚ, ಜಜ್ಜಿದ ಬೆಳ್ಳುಳ್ಳಿ 4 ಎಸಳು, ತುರಿದ ಶುಂಠಿ 1 ಸಣ್ಣ ಚಮಚ, ಬ್ಯಾಡಗಿ ಮೆಣಸಿನಪುಡಿ 1 ಸಣ್ಣ ಚಮಚ, ಎಣ್ಣೆ 1 ಸಣ್ಣ ಚಮಚ.

ಹುಣಸೆಗೆ ತುಮಕೂರಿನವರು ಯಾರ ಮನೆಗೂ ಹೋಗಬೇಕಿಲ್ಲ. ಬೇಸಿಗೆಯಲ್ಲಿ ಬರುವ ಹೊಸ ಹುಣಸೆಯನ್ನೇ ಇದಕ್ಕೆ ಬಳಸಿ, ಪಾಕ ಕೆಂಪಗೆ ಹೊಳೆಯುತ್ತದೆ. ಡಬ್ಬದಲ್ಲಿ ವರ್ಷ ಕಳೆದ ಕರಿ ಹುಣಸೆ ಸಾರಿಗೆ ಚೆನ್ನ. ಇಲ್ಲಿ ಅದನ್ನು ಹಾಕಿದರೆ ಪಾಕ ಮೊದಲೇ ಕಪ್ಪಗಿದ್ದು ಯಾವಾಗ ಸೀಯಿತು ಎಂದೇ ತಿಳಿಯುವುದಿಲ್ಲ. ಗಾಢ ಬಣ್ಣದ ಬೆಲ್ಲಕ್ಕೂ ಇದೇ ಮಾತು, ಹಳದಿ ಅಚ್ಚುಬೆಲ್ಲ ಅನುಕೂಲ.

ಹುಣಸೆಯನ್ನು ಅರ್ಧ ಲೋಟ (120 ಮಿಲಿ) ಬೆಚ್ಚನೆಯ ನೀರಿನಲ್ಲಿ 15 ನಿಮಿಷ ನೆನೆಸಿ ಕಿವುಚಿ ರಸ ತೆಗೆಯಿರಿ. ಸ್ಟೀಲ್ ಪಾತ್ರೆಯಲ್ಲಿ ರಸಕ್ಕೆ ಬೆಲ್ಲ ಹಾಕಿ ಕರಗಿಸಿ, ಒಮ್ಮೆ ಸೋಸಿಬಿಡಿ, ಬೆಲ್ಲದಲ್ಲಿ ಮರಳು, ಕಸ ಇದ್ದೇ ಇರುತ್ತದೆ. ಅಲ್ಯೂಮಿನಿಯಂ, ಕಬ್ಬಿಣದ ಪಾತ್ರೆ ಬೇಡ, ಹುಳಿಗೆ ಲೋಹದ ರುಚಿ ಬರುತ್ತದೆ. ಎಣ್ಣೆಯಲ್ಲಿ ಬೆಳ್ಳುಳ್ಳಿ, ಶುಂಠಿಯನ್ನು ಹಸಿವಾಸನೆ ಹೋಗುವಷ್ಟು ಬಾಡಿಸಿ ಈ ರಸ ಸುರಿಯಿರಿ, ಸೋಯಾ ಸಾಸ್, ಮೆಣಸಿನಪುಡಿ ಸೇರಿಸಿ ಸಣ್ಣ ಉರಿಯಲ್ಲಿ 6-8 ನಿಮಿಷ ಕುದಿಸಿ. ಬೇರೆ ಉಪ್ಪು ಹಾಕಬೇಡಿ. ಸೋಯಾದಲ್ಲಿರುವುದೂ ಉಪ್ಪುನೀರಿನದೂ ಸೇರಿದರೆ ಸಾಕು.

ಹದ ಯಾವುದು? ಸೌಟಿನ ಬೆನ್ನಿಗೆ ಪಾಕ ಅಂಟಿ, ಬೆರಳಲ್ಲಿ ಗೆರೆ ಎಳೆದರೆ ಆ ಗೆರೆ ಮುಚ್ಚಿಕೊಳ್ಳದೆ ಉಳಿಯಬೇಕು. ಎಳೆಪಾಕ ಬರುವ ತನಕ ಕಾಯಬೇಡಿ. ಆರಿದ ಮೇಲೆ ಇನ್ನೂ ಗಟ್ಟಿಯಾಗಿ ಬ್ರಷ್ಷಿಗೆ ಹತ್ತದೆ ಅಂಟಾಗುತ್ತದೆ. ಹಾಗಾಗಿಬಿಟ್ಟರೆ ಒಂದೆರಡು ಚಮಚ ಬಿಸಿನೀರು ಹಾಕಿ ಕಲಕಿ. ತೀರಾ ತೆಳುವಾಗಿದ್ದರೆ ಮೀನಿನಿಂದ ಹರಿದು ತಟ್ಟೆಯಲ್ಲಿ ಸೀದು ಹೊಗೆಯೆಬ್ಬಿಸುತ್ತದೆ. ಮೂರನೇ ಒಂದು ಭಾಗವನ್ನು ಬೇರೆ ಬಟ್ಟಲಿಗೆ ತೆಗೆದಿಡಿ. ಹಸಿಮೀನಿಗೆ ತಾಗಿದ ಬ್ರಷ್ಷನ್ನು ಇದಕ್ಕೆ ಅದ್ದಬಾರದು, ಇದು ಬಡಿಸುವಾಗ ಹನಿಸಲು.

ಓಟಿಜಿಯಲ್ಲಿ

16 ಆಂಪಿಯರ್ ಪ್ಲಗ್ಗಿಗೇ ಹಾಕಿ. ಎರಡೂ ರಾಡು ಹಚ್ಚಿ 200 ಡಿಗ್ರಿಗೆ ಇಟ್ಟು 15 ನಿಮಿಷ ಕಾಯಿಸಿ. ಓಟಿಜಿಯ ಸೂಚಕ ದೀಪ ಆರಿದ ಕೂಡಲೇ ಒಳಗಿಡಬೇಡಿ, ಆಗ ಗಾಳಿ ಬಿಸಿಯಾಗಿರುತ್ತದೆ, ಗೋಡೆ ಮತ್ತು ತಟ್ಟೆ ಆಗಿರುವುದಿಲ್ಲ. ಸಂಜೆ ವೋಲ್ಟೇಜ್ ಇಳಿಯುವ ಊರುಗಳಲ್ಲಿ 20 ನಿಮಿಷವೇ ಬೇಕಾದೀತು.

ತಟ್ಟೆಗೆ ಬೇಕಿಂಗ್ ಪೇಪರ್ ಹಾಸಿ. ಅಂಗಡಿಯಲ್ಲಿ ಸಿಗುವ ಎಲ್ಲ ಬಟರ್ ಪೇಪರೂ ಶಾಖ ತಡೆಯುವುದಿಲ್ಲ, ಓವನ್ನಿಗೆ ಆಗುತ್ತದೆ ಎಂದು ಬರೆದಿರುವುದನ್ನೇ ಕೊಳ್ಳಿ, ಅಂಚು ರಾಡಿಗೆ ತಾಗದಂತೆ ಕತ್ತರಿಸಿ. ಅಲ್ಯೂಮಿನಿಯಂ ಫಾಯಿಲ್ ಬೇಡ, ಹುಣಸೆಯ ಹುಳಿ ಅದನ್ನು ತಿನ್ನುತ್ತದೆ.

3 ಹೈಬ್ರಿಡ್ ಟೊಮೆಟೊಗಳನ್ನು ಎರಡು ಹೋಳು ಮಾಡಿ, ಕತ್ತರಿಸಿದ ಮುಖ ಮೇಲಾಗಿ, ಉಪ್ಪು-ಎಣ್ಣೆ ಸವರಿ ಮೊದಲು ಇವನ್ನೇ 15 ನಿಮಿಷ ಸುಡಿ. ಕೋಲಾರದ ಕಡೆಯವರು ನಾಟಿ ಟೊಮೆಟೊ ಹಾಕೋಣ ಎನ್ನಬಹುದು. ಅದು ಸಾರಿಗೆ ರುಚಿ, ಇಲ್ಲಿ ಮಾತ್ರ ರಸ ಬಿಟ್ಟು ತಟ್ಟೆಯನ್ನು ಕೆರೆ ಮಾಡುತ್ತದೆ.

ಈಗ ಟೊಮೆಟೊ ಬದಿಗೆ ಸರಿಸಿ ಮೀನನ್ನು ಚರ್ಮ ಕೆಳಗಾಗಿ ಇಡಿ. ತುಂಡುಗಳ ನಡುವೆ ಎರಡು ಬೆರಳಷ್ಟು ಜಾಗವಿರಲಿ. ನಡುವಿನ ಹಂತದಲ್ಲಿಟ್ಟು 7 ನಿಮಿಷ ಬಾಗಿಲು ತೆರೆಯಬೇಡಿ. ತಟ್ಟೆ ಹೊರತೆಗೆದು, ತಕ್ಷಣ ಬಾಗಿಲು ಮುಚ್ಚಿ, ಮೀನಿನ ಮೇಲಕ್ಕೂ ಬದಿಗೂ ಪಾಕ ಬಳಿಯಿರಿ. 3 ನಿಮಿಷ ಒಳಗಿಟ್ಟು ಇನ್ನೊಂದು ಪದರ ಬಳಿದು, ಮೇಲಿನ ರಾಡು ಮಾತ್ರ ಹಚ್ಚಿ ಒಂದೂವರೆಯಿಂದ ಎರಡು ನಿಮಿಷ. ಈ ಎರಡು ನಿಮಿಷ ಅಲ್ಲೇ ನಿಂತಿರಿ, ಫೋನು ಬಂದರೂ ಎತ್ತಬೇಡಿ. ಪಾಕದಲ್ಲಿ ಸಣ್ಣ ಗುಳ್ಳೆಗಳೆದ್ದು ಅಂಚು ಕಂದಾದರೆ ಆಯಿತು.

ಮೇಲೆ ಹೇಳಿದ ಲೆಕ್ಕ 2.5 ಸೆಂಟಿಮೀಟರ್ ದಪ್ಪಕ್ಕೆ. 1.5 ಸೆಂಟಿಮೀಟರಿನ ತುಂಡಿಗೆ ಮೊದಲ ಸುತ್ತು 3-4 ನಿಮಿಷ ಸಾಕು. ತೂಕ ನೋಡಿ ಸಮಯ ಹಾಕಬೇಡಿ, ದಪ್ಪ ನೋಡಿ ಹಾಕಿ. ಥರ್ಮಾಮೀಟರ್ ಇದ್ದರೆ ದಪ್ಪಭಾಗದ ನಡುವೆ 52 ಡಿಗ್ರಿ ಬಂದಾಗ ಹೊರತೆಗೆಯಿರಿ. 3 ನಿಮಿಷ ಸುಮ್ಮನೆ ಬಿಟ್ಟರೆ ಇನ್ನೆರಡು ಮೂರು ಡಿಗ್ರಿ ಏರುತ್ತದೆ, ಒಳಗೆ ಮೆತ್ತಗೆ, ರಸವಾಗಿರುತ್ತದೆ. ಬಸುರಿಯರು, ಮಕ್ಕಳು, ವಯಸ್ಸಾದವರು ತಿನ್ನುವುದಾದರೆ 63 ಡಿಗ್ರಿ ತಲುಪಲೇಬೇಕು, ಸ್ವಲ್ಪ ಒಣಗಿದರೂ ಪರವಾಗಿಲ್ಲ. ಥರ್ಮಾಮೀಟರ್ ಇಲ್ಲದವರು ಫೋರ್ಕನ್ನು ದಪ್ಪಭಾಗಕ್ಕೆ ಚುಚ್ಚಿ ಮೆಲ್ಲಗೆ ತಿರುಗಿಸಲಿ. ಪದರಗಳು ತಾವಾಗಿ ಬಿಟ್ಟುಕೊಂಡು ನಡುವೆ ಗಾಜಿನಂಥ ಹಸಿ ಗೆರೆ ಕಾಣದಿದ್ದರೆ ಪೂರ್ತಿ ಬೆಂದಿದೆ.

ನಡುವೆ ಕರೆಂಟು ಹೋದರೆ ಗಾಬರಿ ಬೇಡ. ದಪ್ಪತಳದ ತವಾಕ್ಕೆ ಎಣ್ಣೆ ಸವರಿ ಚರ್ಮ ಕೆಳಗಾಗಿ ಇಟ್ಟು, ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿ ಬೇಯಿಸಿ. ಬೆಂದ ಮೇಲೆ ಪಾಕ ಸುರಿದು ಅರ್ಧ ನಿಮಿಷಕ್ಕೆ ಒಲೆ ಆರಿಸಿ. ಪಾಕ ಹಾಕಿದ ಮೇಲೆ ಮಗುಚಬಾರದು.

ಜೊತೆಗೆ ಏನು

ಬಿಳಿ ಅನ್ನ, ಸುಟ್ಟ ಟೊಮೆಟೊ, ನಿಂಬೆರಸ ಹಿಂಡಿದ ಸೌತೆಕಾಯಿ. ಅಷ್ಟೇ ಸಾಕು. ಮುದ್ದೆ ಹೊಂದುವುದಿಲ್ಲ, ನುಂಗಲು ಸಾರು ಬೇಕು, ಇಲ್ಲಿರುವುದು ಅಂಟುಪಾಕ. ರಾಗಿ ಬೇಕೇ ಬೇಕೆಂದರೆ ತೆಳ್ಳನೆಯ ರಾಗಿರೊಟ್ಟಿ ತಟ್ಟಿ. ಅವರೆಕಾಯಿ ಕಾಲದಲ್ಲಿ ಹಿತಕಿದ ಬೇಳೆಯನ್ನು ಉಪ್ಪು ಹಾಕಿ ಬೇಯಿಸಿ, ಕಾಯಿತುರಿ ಹಾಕಿ ಪಕ್ಕಕ್ಕಿಟ್ಟರೆ ಸಿಹಿ-ಹುಳಿಯ ಮೀನಿಗೆ ಒಳ್ಳೆಯ ಜೊತೆ. ಉಳಿದ ಮೀನು ಮುಚ್ಚಿಟ್ಟರೆ ಫ್ರಿಜ್ಜಿನಲ್ಲಿ 2 ದಿನ ಇರುತ್ತದೆ. ಮತ್ತೆ ಬಿಸಿ ಮಾಡಿದರೆ ಒಣಗಿ ವಾಸನೆ ಹೆಚ್ಚುತ್ತದೆ, ಬಿಡಿಸಿ ತಣ್ಣಗೇ ಬಿಸಿ ಅನ್ನದ ಮೇಲೆ ಹಾಕಿಕೊಳ್ಳಿ.

ಕೆರೆಮೀನಿಗೆ ಇದೇ ಪಾಕ

ಸಾಲ್ಮನ್ ದುಬಾರಿ ಎನಿಸಿದರೆ ಕಾಟ್ಲಾ ಅಥವಾ ರೋಹುವಿನ 2 ಸೆಂಟಿಮೀಟರ್ ದಪ್ಪದ ಅಡ್ಡತುಂಡುಗಳಿಗೆ ಈ ಪಾಕ ಚೆನ್ನಾಗಿ ಹಿಡಿಯುತ್ತದೆ. ಕೆರೆಮೀನಿನ ಮಣ್ಣುವಾಸನೆಗೆ ಕಾರಣ ಜಿಯೋಸ್ಮಿನ್ ಎಂಬ ವಸ್ತು. ಹುಳಿ ತಗುಲಿದರೆ ಅದು ಮುರಿಯುತ್ತದೆ. ಆದ್ದರಿಂದ ಉಪ್ಪುನೀರಿನ ಬದಲು ತೆಳು ಹುಣಸೆನೀರಿಗೆ ಉಪ್ಪು, ಅರಿಸಿನ ಹಾಕಿ 10 ನಿಮಿಷ ನೆನೆಸಿ ತೊಳೆಯಿರಿ. ಎರಡೂ ಬದಿಗೆ ಎಣ್ಣೆ ಸವರಿ, 200 ಡಿಗ್ರಿಯಲ್ಲಿ ಮೊದಲು 10-12 ನಿಮಿಷ ಬರಿಯದಾಗಿ ಸುಟ್ಟು ಆಮೇಲೆ ಪಾಕ ಬಳಿಯಿರಿ. ಸಿಹಿನೀರಿನ ಮೀನನ್ನು ಒಳಗೆ ಮೆತ್ತಗೆ ಬಿಡುವ ಆಟ ಬೇಡ, ಮುಳ್ಳಿನ ಬುಡದ ತನಕ ಬಿಳಿಯಾಗಬೇಕು. ಕವೆಯಂಥ ಸಣ್ಣ ಮುಳ್ಳುಗಳಿರುತ್ತವೆ, ಮಕ್ಕಳ ತಟ್ಟೆಗೆ ಹೊಟ್ಟೆಭಾಗದ ತುಂಡನ್ನೇ ಹಾಕಿ.