ಟ್ರ್ಯಾಕ್ಟರ್ ಡೀಸೆಲ್‌ಗೆ ಆ್ಯಂಟಿ-ಜೆಲ್ ಜಾಸ್ತಿ ಬಿತ್ತಾ? ಮೊದಲು ಕೀಲಿ ತೆಗೆದಿಡಿ

ಅಮೆರಿಕದ ಮಿನೆಸೋಟಾದಲ್ಲಿ ನಮಗೆ ಐದು ಎಕರೆ ಜಾಗವಿದೆ, ಒಂದು ಸಣ್ಣ ಡೀಸೆಲ್ ಟ್ರ್ಯಾಕ್ಟರ್ ಇದೆ. ಬೇಸಿಗೆಯಲ್ಲಿ ತರಕಾರಿ ಮಡಿ ಉಳುವುದಕ್ಕೆ, ಚಳಿಗಾಲದಲ್ಲಿ ಮನೆಯಿಂದ ರಸ್ತೆಯವರೆಗೆ ಬಿದ್ದ ಹಿಮ ತಳ್ಳುವುದಕ್ಕೆ. ಜನವರಿಯ ಒಂದು ಸಂಜೆ, ರಾತ್ರಿ ಮೈನಸ್ 28 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುತ್ತದೆ ಎಂಬ ಮುನ್ಸೂಚನೆ ಬಂತು. ಬೆಳಿಗ್ಗೆ ಟ್ರ್ಯಾಕ್ಟರ್ ಶುರುವಾಗದೇ ಇದ್ದರೆ ಎಂಬ ಭಯ. ಡೀಸೆಲ್ ಗಟ್ಟಿಯಾಗದಂತೆ ಹಾಕುವ ಆ್ಯಂಟಿ-ಜೆಲ್ ಬಾಟಲಿಯನ್ನು ಪೂರ್ತಿ ಟ್ಯಾಂಕಿಗೆ ಸುರಿದೆ.

ಖಾಲಿ ಬಾಟಲಿ ನೋಡಿದ ಹೆಂಡತಿ ಕೇಳಿದಳು: "ರೀ, ಇದರ ಮೇಲೆ ನೂರು ಗ್ಯಾಲನ್‌ಗೆ ಅಂತ ಬರೆದಿದೆಯಲ್ಲ. ನಮ್ಮ ಟ್ಯಾಂಕ್ ಎಂಟೇ ಗ್ಯಾಲನ್ ಅಲ್ವಾ?"

ಅವಳು ಹೇಳಿದ್ದು ಸರಿ. ಆ ರಾತ್ರಿಯಿಂದ ಮುಂದಿನ ಮೂರು ದಿನ ನಾನು ಮಾಡಿದ್ದನ್ನು, ಮಾಡಬಾರದಿತ್ತು ಎಂದು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಚಳಿ ದೇಶಗಳಲ್ಲಿ ಸಣ್ಣ ಜಮೀನು ಇಟ್ಟುಕೊಂಡಿರುವ ಕನ್ನಡಿಗರು ಈಗ ಕಡಿಮೆಯೇನಿಲ್ಲ. ಅವರಲ್ಲಿ ಒಬ್ಬರ ಇಂಜೆಕ್ಟರ್ (ಇಂಜಿನ್ ಒಳಗೆ ಡೀಸೆಲ್ ಸಿಂಪಡಿಸುವ ಭಾಗ) ಉಳಿದರೂ ನನಗೆ ಸಂತೋಷ.

ಈ ಬಾಟಲಿ ಏನು ಮಾಡುತ್ತದೆ?

ಚಳಿಗಾಲದ ಬೆಳಿಗ್ಗೆ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಬೆಳ್ಳಗೆ ಗಟ್ಟಿಯಾಗುತ್ತದಲ್ಲ, ಡೀಸೆಲ್ ಕಥೆಯೂ ಹೆಚ್ಚುಕಡಿಮೆ ಅದೇ. ಡೀಸೆಲ್‌ನಲ್ಲಿ ಪ್ಯಾರಾಫಿನ್ ಎಂಬ ಮೇಣ ಕರಗಿರುತ್ತದೆ. ಚಳಿ ಹೆಚ್ಚಿದಂತೆ ಅದು ಸಣ್ಣ ಹರಳುಗಳಾಗಿ ಹೊರಬರುತ್ತದೆ, ಡೀಸೆಲ್ ಮಬ್ಬಾಗುತ್ತದೆ. ಮಬ್ಬು ಶುರುವಾಗುವ ಉಷ್ಣಾಂಶಕ್ಕೆ ಕ್ಲೌಡ್ ಪಾಯಿಂಟ್ ಎನ್ನುತ್ತಾರೆ. ಇನ್ನೂ ತಣ್ಣಗಾದರೆ ಹರಳುಗಳು ಫಿಲ್ಟರ್‌ಗೆ ಅಂಟಿಕೊಂಡು ದಾರಿ ಮುಚ್ಚುತ್ತವೆ. ಟ್ಯಾಂಕಿನಲ್ಲಿ ಡೀಸೆಲ್ ಇದ್ದರೂ ಇಂಜಿನ್‌ಗೆ ಸಿಗುವುದಿಲ್ಲ.

ಆ್ಯಂಟಿ-ಜೆಲ್ ಈ ಮೇಣವನ್ನು ಇಲ್ಲವಾಗಿಸುವುದಿಲ್ಲ. ನಾನು ತಪ್ಪು ತಿಳಿದಿದ್ದದ್ದೇ ಇಲ್ಲಿ. ಅದರಲ್ಲಿರುವ ಪಾಲಿಮರ್ ಮೇಣದ ಹರಳು ದೊಡ್ಡ ಹಾಳೆಯಂತೆ ಬೆಳೆಯದ ಹಾಗೆ ತಡೆಯುತ್ತದೆ. ಹರಳುಗಳು ಚಿಕ್ಕದಾಗಿಯೇ ಉಳಿದು ಫಿಲ್ಟರ್ ದಾಟುತ್ತವೆ. ಇದಕ್ಕೆ ಒಂದು ಹದವಿದೆ. ಹದ ಮೀರಿ ಸುರಿದರೆ ಚಳಿ ತಡೆಯುವ ಶಕ್ತಿ ಅಷ್ಟೇ ಪಟ್ಟು ಏರುವುದಿಲ್ಲ. ಒಂದು ಮಟ್ಟದ ನಂತರ ಪ್ರಯೋಜನ ನಿಂತುಹೋಗುತ್ತದೆ. ಇನ್ನೂ ಜಾಸ್ತಿಯಾದರೆ ಆ ಪಾಲಿಮರೇ ಚಳಿಯಲ್ಲಿ ದಪ್ಪಗಾಗಿ, ಯಾವ ಫಿಲ್ಟರ್ ಕಟ್ಟಬಾರದು ಎಂದು ಹಾಕಿದೆವೋ ಅದನ್ನೇ ಕಟ್ಟಬಹುದು.

ಮೊದಲ ಹೆಜ್ಜೆ: ಕೀಲಿ ತೆಗೆದಿಡಿ

"ಒಂದು ಸಲ ಓಡಿಸಿಬಿಡೋಣ, ಉರಿದುಹೋಗುತ್ತದೆ" ಎಂದು ಅನಿಸುತ್ತದೆ. ಬೇಡ. ಈಗಷ್ಟೇ ಸುರಿದ ಆ್ಯಂಟಿ-ಜೆಲ್ ಡೀಸೆಲ್ ಜೊತೆ ಸರಿಯಾಗಿ ಬೆರೆತಿರುವುದಿಲ್ಲ. ಚಳಿಯಲ್ಲಂತೂ ಅದು ಜೇನಿನ ಹಾಗೆ ಮಂದವಾಗಿರುತ್ತದೆ. ಪಂಪ್ ಅದನ್ನು ಹಾಗೇ ಎಳೆದುಕೊಳ್ಳಬಹುದು. ಎಷ್ಟೋ ಟ್ರ್ಯಾಕ್ಟರ್‌ಗಳಲ್ಲಿ ಕೀಲಿಯನ್ನು ಅರ್ಧ ತಿರುಗಿಸಿದರೂ ಸಾಕು, ಎಲೆಕ್ಟ್ರಿಕ್ ಪಂಪ್ ಓಡಲು ಶುರುವಾಗುತ್ತದೆ. ಅದಕ್ಕೇ ಕೀಲಿಯನ್ನು ತೆಗೆದು ಜೇಬಿಗೆ ಹಾಕಿಕೊಳ್ಳಿ. ಟ್ಯಾಂಕಿನ ಕೆಳಗೆ ಡೀಸೆಲ್ ನಿಲ್ಲಿಸುವ ಕಾಕ್ ಇದ್ದರೆ ಮುಚ್ಚಿ.

ಎರಡನೆಯದು: ಲೆಕ್ಕ ಹಾಕಿ

ಗಾಬರಿ ಇಳಿಯುವುದು ಲೆಕ್ಕದಿಂದಲೇ. ಬಾಟಲಿ ಹಿಂದಿನ ಅಳತೆ ನೋಡಿ. ನನ್ನದು 32 ಔನ್ಸ್, ಅಂದರೆ 946 ಮಿಲಿ. ಅದು 100 ಗ್ಯಾಲನ್ ಡೀಸೆಲ್‌ಗೆ. 400 ಪಾಲಿಗೆ 1 ಪಾಲು ಎಂದಾಯಿತು. ನಮ್ಮ ಅಳತೆಯಲ್ಲಿ ಲೀಟರಿಗೆ ಎರಡೂವರೆ ಮಿಲಿ.

ನನ್ನ ಟ್ಯಾಂಕ್ 8 ಗ್ಯಾಲನ್, ಸುಮಾರು 30 ಲೀಟರ್. ಬೇಕಿದ್ದದ್ದು 75 ಮಿಲಿ, ಒಂದು ಸಣ್ಣ ಕಾಫಿ ಲೋಟದಷ್ಟು. ಬಿದ್ದದ್ದು 946. ಹನ್ನೆರಡೂವರೆ ಪಟ್ಟು!

ನಿಮ್ಮ ಲೆಕ್ಕ ಎರಡು ಪಟ್ಟಿನೊಳಗೆ ಬಂದರೆ ಏನೂ ಮಾಡಬೇಕಿಲ್ಲ. ಮೈನಸ್ 18ಕ್ಕಿಂತ ಕೆಳಗಿಳಿದಾಗ ಎರಡು ಪಟ್ಟು ಹಾಕಿ ಎಂದು ಕೆಲವು ಬಾಟಲಿಗಳ ಮೇಲೆ ಕಂಪನಿಯವರೇ ಬರೆದಿರುತ್ತಾರೆ. ಮೂರು ನಾಲ್ಕು ಪಟ್ಟಾಗಿ, ಟ್ಯಾಂಕ್ ಅರ್ಧ ಖಾಲಿ ಇದ್ದರೆ, ಹೊಸ ಡೀಸೆಲ್ ತುಂಬಿಸಿ. ಎರಡು ಪಟ್ಟಿನೊಳಗೆ ಬಂದು ನಿಲ್ಲುತ್ತದೆ. ಅದಕ್ಕೂ ಮೀರಿದ್ದರೆ, ಅಥವಾ ನನ್ನ ಹಾಗೆ ಟ್ಯಾಂಕ್ ತುಂಬಿದ್ದಾಗಲೇ ಸುರಿದಿದ್ದರೆ, ಹೊರಗೆ ತೆಗೆಯದೆ ದಾರಿಯಿಲ್ಲ. ನನ್ನ ಒಂದು ಬಾಟಲಿ ಸರಿಯಾದ ಹದಕ್ಕೆ ಬರಬೇಕಿದ್ದರೆ 378 ಲೀಟರ್ ಡೀಸೆಲ್ ಬೇಕಿತ್ತು. ಅಷ್ಟು ಎಲ್ಲಿ ಹಿಡಿಸುವುದು?

ಮೂರನೆಯದು: ಟ್ಯಾಂಕ್ ಖಾಲಿ ಮಾಡಿ

ಗಾಳಿಯಾಡುವ ಜಾಗದಲ್ಲಿ, ಬೆಂಕಿ, ಹೀಟರ್, ಸಿಗರೇಟು ಹತ್ತಿರ ಇಲ್ಲದ ಕಡೆ ಮಾಡಿ. ಟ್ಯಾಂಕಿನ ತಳದಲ್ಲಿ ಡ್ರೈನ್ ಬೋಲ್ಟ್ ಇದ್ದರೆ ಸುಲಭ. ಇಲ್ಲದಿದ್ದರೆ ಕೈಯಲ್ಲಿ ಒತ್ತುವ ಪಂಪ್ ತನ್ನಿ. ಕೊಳವೆಯನ್ನು ಬಾಯಿಂದ ಎಳೆಯಲೇಬೇಡಿ. ಡೀಸೆಲ್ ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಅಪಾಯ. ಕೈಗೆ ಗ್ಲೌಸ್ ಇರಲಿ. ಮೈನಸ್ 20ರಲ್ಲಿ ಡೀಸೆಲ್ ಚರ್ಮದ ಮೇಲೆ ಬಿದ್ದರೆ ಅದೂ ಅಷ್ಟೇ ತಣ್ಣಗಿರುತ್ತದೆ, ಬೆರಳು ಮರಗಟ್ಟುತ್ತದೆ.

ಅಮೆರಿಕದಲ್ಲಿ ಡೀಸೆಲ್ ಕ್ಯಾನ್ ಹಳದಿ, ಪೆಟ್ರೋಲ್‌ಗೆ ಕೆಂಪು, ಸೀಮೆಎಣ್ಣೆಗೆ ನೀಲಿ. ಕ್ಯಾನ್ ಒಳಗೆ ಒಣಗಿರಬೇಕು, ಕಸ ಇರಬಾರದು. ಈ ಡೀಸೆಲ್ ನಿಮಗೆ ಮತ್ತೆ ಬೇಕು.

ತಳದಲ್ಲಿ ಒಂದು ಲೀಟರ್ ಉಳಿಯಿತು ಎಂದು ಟ್ಯಾಂಕ್ ಬಿಚ್ಚಲು ಹೋಗಬೇಡಿ. ನನ್ನ ಆ ಒಂದು ಲೀಟರಿನಲ್ಲಿ ಇದ್ದದ್ದು ಸುಮಾರು 31 ಮಿಲಿ ಆ್ಯಂಟಿ-ಜೆಲ್. ಹೊಸದಾಗಿ 29 ಲೀಟರ್ ತುಂಬಿಸಿದರೆ ಅದು ಅರ್ಧ ಪ್ರಮಾಣಕ್ಕಿಂತಲೂ ಕಡಿಮೆ.

ನಾಲ್ಕನೆಯದು: ಫಿಲ್ಟರ್

ಗಾಡಿ ಓಡಿಸಿಲ್ಲದಿದ್ದರೆ ಫಿಲ್ಟರ್ ಬದಲಿಸಬೇಕಿಲ್ಲ. ನೀರು ಬೇರ್ಪಡಿಸುವ ಬಟ್ಟಲಿನ ಕೆಳಗಿನ ತಿರುಪು ಸಡಿಲಿಸಿ, ಸ್ವಲ್ಪ ಹರಿಸಿ ನೋಡಿದರೆ ಸಾಕು. ಓಡಿಸಿಬಿಟ್ಟಿದ್ದರೆ ಹೊಸ ಫಿಲ್ಟರ್ ಹಾಕಿ, ಇನ್ನೊಂದು ಮನೆಯಲ್ಲಿ ಇಟ್ಟುಕೊಳ್ಳಿ. ಹಾಕಿದ ಮೇಲೆ ಏರ್ ತೆಗೆಯುವುದನ್ನು ಮರೆಯಬೇಡಿ. ಹಳೆಯ ಟ್ರ್ಯಾಕ್ಟರ್ ಆದರೆ ಕೈಪಂಪ್ ಒತ್ತುತ್ತಾ, ಗುಳ್ಳೆ ನಿಲ್ಲುವವರೆಗೆ ಏರ್ ಸ್ಕ್ರೂ ಸಡಿಲ ಬಿಡಬೇಕು. ಕಾಮನ್ ರೈಲ್ (ಎಲ್ಲ ಇಂಜೆಕ್ಟರ್‌ಗಳಿಗೂ ಒಂದೇ ಪೈಪಿನಿಂದ ಭಾರಿ ಒತ್ತಡದಲ್ಲಿ ಡೀಸೆಲ್ ಕೊಡುವ ವ್ಯವಸ್ಥೆ) ಇರುವ ಹೊಸ ಗಾಡಿಯಲ್ಲಿ ಇಂಜೆಕ್ಟರ್ ಪೈಪ್‌ಗೆ ಸ್ಪ್ಯಾನರ್ ಹಾಕಲೇಬೇಡಿ. ಅದರಲ್ಲಿನ ಒತ್ತಡ ಸಾವಿರ ಬಾರ್‌ಗಿಂತ ಮೇಲೆ. ಚಿಮ್ಮಿದ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ಆ ಕೆಲಸ ಮೆಕ್ಯಾನಿಕ್‌ಗೇ ಬಿಡಿ.

ಐದನೆಯದು: ಹೊಸ ಡೀಸೆಲ್, ಅದೂ ಚಳಿಗಾಲದ್ದು

ಇಲ್ಲಿನ ಬಂಕ್‌ಗಳಲ್ಲಿ ಚಳಿಗಾಲ ಬಂದರೆ ಮಾಮೂಲಿ ಡೀಸೆಲ್ ಆದ ನಂಬರ್ 2 ಜೊತೆ ನಂಬರ್ 1 ಬೆರೆಸಿ ಮಾರುತ್ತಾರೆ. ನಂಬರ್ 1 ಸೀಮೆಎಣ್ಣೆಯ ಹತ್ತಿರದ್ದು, ಅದರಲ್ಲಿ ಮೇಣ ತೀರಾ ಕಡಿಮೆ. ಕೆಲವು ಕಡೆ ಬಂಕ್‌ನವರೇ ಆ್ಯಂಟಿ-ಜೆಲ್ ಹಾಕಿರುತ್ತಾರೆ. ತುಂಬಿಸುವ ಮುಂಚೆ ಒಂದು ಮಾತು ಕೇಳಿ: "ಇದು ಎಷ್ಟು ಡಿಗ್ರಿವರೆಗೆ ತಡೆಯುತ್ತದೆ? ಏನಾದರೂ ಬೆರೆಸಿದ್ದೀರಾ?" ಈ ಪ್ರಶ್ನೆ ನಾನು ಮೊದಲೇ ಕೇಳಿದ್ದರೆ ಬಾಟಲಿಯೇ ಬೇಕಿರಲಿಲ್ಲ. ನನ್ನ ಟ್ಯಾಂಕಿನಲ್ಲಿ ಆಗಲೇ ಇದ್ದದ್ದು ಬೆರೆಸಿದ ಡೀಸೆಲ್.

ಆರನೆಯದು: ತೆಗೆದದ್ದನ್ನು ಚೆಲ್ಲಬೇಡಿ

ಮೊಸರಿಗೆ ಹೆಪ್ಪು ಹಾಕುತ್ತೇವಲ್ಲ, ಹಾಗೆ ಬಳಸಿ. ಕ್ಯಾನ್‌ನಲ್ಲಿ ಈಗ ಇರುವುದು ಆ್ಯಂಟಿ-ಜೆಲ್ ಜಾಸ್ತಿ ಬೆರೆತ ಡೀಸೆಲ್. ನನ್ನ ಲೆಕ್ಕದಲ್ಲಿ ಅದರ 2.4 ಲೀಟರ್‌ನಲ್ಲಿ 75 ಮಿಲಿ ಔಷಧಿ ಇದೆ. ಅಂದರೆ ಒಂದು ಟ್ಯಾಂಕಿಗೆ ಸರಿಯಾದ ಅಳತೆ. ಮೊದಲು ಆ 2.4 ಲೀಟರ್ ಟ್ಯಾಂಕಿಗೆ ಸುರಿದು, ಅದರ ಮೇಲೆ ಹೊಸ ಡೀಸೆಲ್ ತುಂಬಿಸುತ್ತೇನೆ. ಮೇಲಿಂದ ಬೀಳುವ ರಭಸಕ್ಕೆ ತಾನೇ ಬೆರೆಯುತ್ತದೆ. ತೀರಾ ಚಳಿಯ ವಾರದಲ್ಲಿ 4.8 ಲೀಟರ್, ಆಗ ಎರಡು ಪಟ್ಟು. ಮೂವತ್ತು ಲೀಟರ್ ಹೀಗೆ ಹನ್ನೆರಡು ಸಲಕ್ಕೆ ಬರುತ್ತದೆ. ಮೊದಲ ಸಲ ತಳದಲ್ಲಿ ಉಳಿದದ್ದನ್ನೂ ಲೆಕ್ಕಕ್ಕೆ ಹಿಡಿದು ಕಡಿಮೆ ಹಾಕಿ. ನಾನು ಒಂದೂವರೆ ಲೀಟರ್‌ಗಿಂತ ಸ್ವಲ್ಪ ಕಡಿಮೆ ಹಾಕಿದೆ.

ಒಂದು ಎಚ್ಚರಿಕೆ. ಅಮೆರಿಕದಲ್ಲಿ ಹೊಲದ ಕೆಲಸಕ್ಕೆ ತೆರಿಗೆ ಇಲ್ಲದ ಕೆಂಪು ಬಣ್ಣದ ಡೀಸೆಲ್ ಸಿಗುತ್ತದೆ. ಟ್ರ್ಯಾಕ್ಟರ್‌ನಿಂದ ತೆಗೆದ ಕೆಂಪು ಡೀಸೆಲ್ ಅನ್ನು "ಸುಮ್ನೆ ಹಾಳಾಗುತ್ತಲ್ಲ" ಎಂದು ರಸ್ತೆಯಲ್ಲಿ ಓಡುವ ಪಿಕಪ್‌ಗೆ ಹಾಕಿದರೆ ಅದು ಅಪರಾಧ. ದಂಡ ದೊಡ್ಡದು. ನೆಲಕ್ಕೋ ಚರಂಡಿಗೋ ಸುರಿಯುವುದಂತೂ ಯಾವ ದೇಶದಲ್ಲೂ ಬೇಡ.

ಆಗಲೇ ಓಡಿಸಿಬಿಟ್ಟಿದ್ದರೆ?

ಇಂಜಿನ್ ಹಾಳಾಯಿತು ಎಂದು ತಲೆ ಮೇಲೆ ಕೈ ಹೊತ್ತುಕೊಳ್ಳಬೇಡಿ. ಒಂದರ್ಧ ಗಂಟೆ ಓಡಿದ್ದಕ್ಕೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಬಿಳಿ ಹೊಗೆ, ಎಳೆತ ಕಡಿಮೆಯಾಗುವುದು, ನಿಂತಲ್ಲೇ ಇಂಜಿನ್ ಏರಿಳಿಯುವುದು, ಇವು ಕಂಡರೆ ನಿಲ್ಲಿಸಿ. ಮೇಲಿನ ಹೆಜ್ಜೆಗಳನ್ನೇ ಮಾಡಿ, ಫಿಲ್ಟರ್ ಬದಲಿಸಿ. ಆಮೇಲೂ ಸರಿಹೋಗದಿದ್ದರೆ ಇಂಜೆಕ್ಟರ್ ತೋರಿಸಬೇಕು. ಗಟ್ಟಿಯಾದ ಡೀಸೆಲ್ ಕರಗಿಸುವ ತುರ್ತು ಬಾಟಲಿ ಬೇರೆಯೇ ಇರುತ್ತದೆ. ಅದನ್ನು ಜಾಸ್ತಿ ಹಾಕಿದ್ದರೆ ಓಡಿಸುತ್ತಾ ಇರಬೇಡಿ. ಅದು ಹೆಚ್ಚಾಗಿ ದ್ರಾವಕ. ಡೀಸೆಲ್ ಪಂಪ್‌ಗೆ ಎಣ್ಣೆಯ ಜಿಡ್ಡು ಡೀಸೆಲ್‌ನಿಂದಲೇ ಸಿಗಬೇಕು, ದ್ರಾವಕ ಹೆಚ್ಚಾದರೆ ಆ ಜಿಡ್ಡು ತೆಳುವಾಗಿ ಪಂಪ್ ಸವೆಯುತ್ತದೆ.

ಇನ್ನೊಂದು ವಿಷಯವನ್ನು ತುಂಬಾ ಜನ ಗಮನಿಸುವುದಿಲ್ಲ. ಮೈನಸ್ 2, ಮೈನಸ್ 3ಕ್ಕೇ ಗಾಡಿ ನಿಂತರೆ ಅದು ಮೇಣ ಆಗಿರುವುದು ಅಪರೂಪ. ಫಿಲ್ಟರ್‌ನಲ್ಲಿ ಸೇರಿದ ನೀರು ಮಂಜುಗಡ್ಡೆ ಆಗಿರುತ್ತದೆ. ಅದಕ್ಕೆ ಎಷ್ಟು ಆ್ಯಂಟಿ-ಜೆಲ್ ಸುರಿದರೂ ಉಪಯೋಗವಿಲ್ಲ. ಶುರುವಾಗಲಿಲ್ಲ ಎಂದು ಮತ್ತೆ ಮತ್ತೆ ಸುರಿಯುವವರಲ್ಲಿ ಹಲವರ ತೊಂದರೆ ಈ ನೀರಿನದೇ. ಟ್ರ್ಯಾಕ್ಟರ್ ಬೆಚ್ಚಗಿನ ಶೆಡ್‌ಗೆ ತಂದು, ಕರಗಿದ ಮೇಲೆ ನೀರು ಹರಿಸಿ. ಟ್ಯಾಂಕಿನ ಕೆಳಗೆ ಬೆಂಕಿ ಹಾಕಬೇಡಿ. ತೆಳುವಾಗಲಿ ಎಂದು ಪೆಟ್ರೋಲ್ ಬೆರೆಸಬೇಡಿ, ಟ್ಯಾಂಕಿನೊಳಗೆ ಕಿಡಿಗೆ ಕಾಯುವ ಆವಿ ತುಂಬಿಕೊಳ್ಳುತ್ತದೆ. ಗ್ಲೋ ಪ್ಲಗ್ (ಚಳಿಯಲ್ಲಿ ಶುರುಮಾಡುವ ಮುಂಚೆ ಇಂಜಿನ್ ಒಳಗನ್ನು ಕಾಯಿಸುವ ಭಾಗ) ಇರುವ ಇಂಜಿನ್‌ಗೆ ಬೇಗ ಶುರುವಾಗಲಿ ಎಂದು ಈಥರ್ ಸ್ಪ್ರೇ ಹೊಡೆಯಬೇಡಿ, ಕಾದ ಪ್ಲಗ್‌ಗೆ ತಾಗಿ ಸಿಡಿಯಬಹುದು.

ಊರಿನವರು ಫೋನಿನಲ್ಲಿ ಕೇಳುತ್ತಾರೆ, ನಮ್ಮ ಟ್ರ್ಯಾಕ್ಟರ್‌ಗೂ ಈ ಬಾಟಲಿ ತರಿಸೋಣವಾ ಎಂದು. ಬೇಕಿಲ್ಲ. ಭಾರತದ ಚಳಿಗಾಲದ ಡೀಸೆಲ್ 6 ಡಿಗ್ರಿಯಲ್ಲೂ ಫಿಲ್ಟರ್ ದಾಟಬೇಕು ಎಂಬ ನಿಯಮವಿದೆ. ನಮ್ಮ ಬಯಲುಸೀಮೆ, ಮಲೆನಾಡಿನ ಚಳಿಗೆ ಅದು ಸಾಕು. ಲಡಾಖ್‌ಗೆ ಚಳಿಗಾಲದಲ್ಲಿ ಡೀಸೆಲ್ ಗಾಡಿ ಒಯ್ಯುವವರ ವಿಷಯ ಬೇರೆ. ಕೆಳಗಿನ ಊರಿನಲ್ಲಿ ತುಂಬಿಸಿದ ಡೀಸೆಲ್ ಅಲ್ಲಿ ಕೈಕೊಡುತ್ತದೆ. ಇಂಡಿಯನ್ ಆಯಿಲ್ 2019ರ ನವೆಂಬರ್‌ನಲ್ಲಿ ಪಾಣಿಪತ್ ರಿಫೈನರಿಯಿಂದ ಮೈನಸ್ 33 ಡಿಗ್ರಿವರೆಗೂ ಹರಿಯುವ ಚಳಿಗಾಲದ ಡೀಸೆಲ್ ಅನ್ನು ಅಲ್ಲಿಗೆ ಕಳಿಸಲು ಶುರುಮಾಡಿತು. ಟ್ಯಾಂಕಿನಲ್ಲಿರುವುದನ್ನು ಆದಷ್ಟು ಖರ್ಚು ಮಾಡಿ ಅದನ್ನು ತುಂಬಿಸಿಕೊಳ್ಳಿ. ಅದರ ಮೇಲೆ ಮತ್ತೊಂದು ಬಾಟಲಿ ಸುರಿಯಬೇಡಿ.

ನಮ್ಮ ಶೆಡ್‌ನಲ್ಲಿ ಈಗ ಹಳದಿ ಕ್ಯಾನ್‌ಗಳ ಮೇಲೆ ಮಾರ್ಕರ್‌ನಿಂದ ಬರೆದಿದೆ: "ಲೀಟರಿಗೆ 31 ಮಿಲಿ ಬೆರೆತಿದೆ. ಒಂದು ಟ್ಯಾಂಕಿಗೆ 2.4 ಲೀಟರ್." ಪಕ್ಕದಲ್ಲಿ ತಾರೀಖು. ಹೊಸ ಬಾಟಲಿ ಮನೆಯೊಳಗಿದೆ, ಬೆಚ್ಚಗಿದ್ದರೆ ಸಲೀಸಾಗಿ ಬೆರೆಯುತ್ತದೆ ಎಂದು. ಅದರ ಕುತ್ತಿಗೆಗೆ ಹೆಂಡತಿ ಕೆಮ್ಮಿನ ಸಿರಪ್ಪಿನ ಅಳತೆ ಮುಚ್ಚಳವೊಂದನ್ನು ದಾರದಿಂದ ಕಟ್ಟಿದ್ದಾಳೆ. ಮೇಲಿನ ಗೆರೆಯವರೆಗೆ ತುಂಬಿಸಿದರೆ 15 ಮಿಲಿ. ಐದು ಮುಚ್ಚಳ ಹಾಕಿದರೆ ನಮ್ಮ ಟ್ಯಾಂಕಿಗೆ ಆಯಿತು.